ಕಡೆಯ ಪೀಠದ ಮೇಲಣ ಅಪವಾದ

ಆಟದಲ್ಲಿ ಸೋತವನು ಸೋಲಿನ ಕಾರಣವನ್ನು ತನ್ನಲ್ಲಿಯೇ ಹುಡುಕುವುದು ಅಪೂರ್ವ. ಎಲೆ ಹಂಚಿದವನ ಕೈ ಒಳ್ಳೆಯದಲ್ಲ, ಕುಳಿತ ದಿಕ್ಕು ಒಳ್ಳೆಯದಲ್ಲ, ಪಕ್ಕಕ್ಕೆ ಬಂದವನ ಕಾಲ್ಗುಣ ಒಳ್ಳೆಯದಲ್ಲ ಎಂದು ಅವನ ಕಣ್ಣು ಎಲ್ಲೆಡೆಯೂ ಆಡುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದುದಲ್ಲ. ಪಾಮರರು ಹೀಗೆ ನುಡಿದರೆ ಕೇಳಿ ನಕ್ಕು ಸುಮ್ಮನಿರಬಹುದು. ಆದರೆ ಗಣಿತ ಬಲ್ಲೆವೆಂದೂ ಎಲೆಗಳ ಲೆಕ್ಕವಿಟ್ಟು ಆಡಬಲ್ಲೆವೆಂದೂ ಹೇಳಿಕೊಳ್ಳುವ ವಿದ್ಯಾವಂತರೇ ಈ ಮಾತಿಗೆ ಶಾಸ್ತ್ರದ ವೇಷ ತೊಡಿಸಿ ಸಭೆಗೆ ಕರೆತಂದರೆ, ಆಗ ಸುಮ್ಮನಿರುವುದು ಯುಕ್ತವಲ್ಲ. ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಿನ ಆಟದಲ್ಲಿ ಕುಳಿತ ಪೀಠದ ಮೇಲೆ ಹಬ್ಬಿರುವ ನಂಬಿಕೆಗಳು ಇಂತಹವು. ಅವು ಸುಳ್ಳೆಂಬುದನ್ನೂ, ಆ ಸುಳ್ಳಿನಿಂದ ಹಾನಿಯುಂಟೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಸಾಹಿತ್ಯ ಪತ್ರಿಕೆಯಲ್ಲಿ ಜೂಜಿನ ಚರ್ಚೆ ಏತಕ್ಕೆ ಎಂದು ಕೇಳತಕ್ಕವರುಂಟು. ಅವರಿಗೆ ನಳೋಪಾಖ್ಯಾನವನ್ನು ನೆನಪಿಗೆ ತರುತ್ತೇನೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ಹೋಗುತ್ತಿರುವಾಗ, ಆ ರಾಜನು ದಾರಿಯ ಪಕ್ಕದ ತಾರೆಯ ಮರವೊಂದನ್ನು ನೋಡಿ ಅದರ ಎಲೆಗಳ, ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳನು ನಂಬದೆ ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಎಣಿಸಿ ನೋಡುತ್ತಾನೆ. ಲೆಕ್ಕವು ಸರಿಯಾಗಿರುತ್ತದೆ. ಆ ಎಣಿಕೆಯ ವಿದ್ಯೆಯೂ ಅಕ್ಷಹೃದಯವೂ ಕೈಗೆ ಬಂದ ಮೇಲೆಯೇ ಕಲಿಯು ನಳನ ದೇಹವನ್ನು ಬಿಟ್ಟು ಹೊರಡುತ್ತಾನೆ. ನಮ್ಮ ಪೂರ್ವಿಕರು ಜೂಜನ್ನು ಸಪ್ತವ್ಯಸನಗಳಲ್ಲಿ ಸೇರಿಸಿದರು ನಿಜ. ಆದರೆ ಆ ವ್ಯಸನದ ವಿಷವನ್ನು ಇಳಿಸುವುದು ಎಣಿಸಿ ನೋಡುವ ಬುದ್ಧಿಯೆಂಬುದನ್ನೂ ಅವರೇ ಕಥೆಯಲ್ಲಿ ಇಟ್ಟು ಹೋದರು. ನಾನು ಜೂಜಿಗೆ ವಕೀಲನಾಗಿ ನಿಂತವನಲ್ಲ. ಎಣಿಸಿ ನೋಡದೆ ಮಾತಾಡುವ ಅಭ್ಯಾಸಕ್ಕೆ ಪ್ರತಿವಾದಿಯಾಗಿ ನಿಂತಿದ್ದೇನೆ.

ಆಟವನ್ನು ಅರಿಯದ ವಾಚಕರಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ಅಮೆರಿಕದ ನೆವಾಡ ಸಂಸ್ಥಾನದಲ್ಲಿ ೧೯೩೧ರಲ್ಲಿ ಜೂಜುಮನೆಗಳಿಗೆ ಕಾನೂನಿನ ಸಮ್ಮತಿ ದೊರೆಯಿತು. ಲಾಸ್ ವೇಗಸ್ ಮೊದಲಾದ ಊರುಗಳ ಕ್ಯಾಸಿನೊಗಳಲ್ಲಿ ಈ ಆಟವು ಬೆಳೆದು ಲೋಕಕ್ಕೆ ಹರಡಿತು. ನಮ್ಮ ನೆರೆಯ ಗೋವೆಯಲ್ಲಿ ಮಾಂಡೋವಿ ನದಿಯ ಹಡಗುಗಳ ಮೇಲೆಯೂ ಅದು ನಡೆಯುತ್ತದೆ. ಅರ್ಧಚಂದ್ರಾಕಾರದ ಮೇಜಿನ ಸುತ್ತ ಸಾಮಾನ್ಯವಾಗಿ ಏಳು ಮಂದಿಯವರೆಗೆ ಕುಳಿತುಕೊಳ್ಳುತ್ತಾರೆ. ಎದುರಿಗೆ ಜೂಜುಮನೆಯ ಪರವಾಗಿ ಎಲೆ ಹಂಚುವವನು ನಿಲ್ಲುತ್ತಾನೆ. ಆಟಗಾರರು ತಮ್ಮತಮ್ಮೊಳಗೆ ಆಡುವುದಿಲ್ಲ. ಪ್ರತಿಯೊಬ್ಬನಿಗೂ ಹಂಚುವವನೊಬ್ಬನೇ ಎದುರಾಳಿ. ಪ್ರತಿಯೊಬ್ಬನಿಗೂ ಎರಡೆರಡು ಎಲೆ. ರಾಜ, ರಾಣಿ, ಗುಲಾಮಗಳಿಗೆ ಹತ್ತರ ಬೆಲೆ; ಎಕ್ಕಕ್ಕೆ ಒಂದು ಅಥವಾ ಹನ್ನೊಂದು; ಉಳಿದವಕ್ಕೆ ಮುಖದ ಮೇಲಿನ ಅಂಕೆಯೇ ಬೆಲೆ. ಇಪ್ಪತ್ತೊಂದನ್ನು ಮೀರದೆ ಅದರ ಹತ್ತಿರಕ್ಕೆ ಹೋದವನು ಗೆದ್ದ, ಮೀರಿದವನು ಸೋತ. ಹಂಚುವವನ ಎರಡು ಎಲೆಗಳಲ್ಲಿ ಒಂದು ಮಾತ್ರ ಮೊದಲಿಗೆ ಕಾಣುತ್ತದೆ. ಆಟಗಾರರು ಮೊದಲನೆಯ ಪೀಠದಿಂದ ಕಡೆಯ ಪೀಠದವರೆಗೆ ಒಬ್ಬೊಬ್ಬರಾಗಿ, ಬೇಕಾದರೆ ಇನ್ನಷ್ಟು ಎಲೆ ಎತ್ತಿ, ಸಾಕಾದರೆ ನಿಲ್ಲುತ್ತಾರೆ. ಎಲ್ಲರೂ ಮುಗಿಸಿದ ಬಳಿಕ ಹಂಚುವವನ ಸರದಿ. ಹದಿನಾರಾಗುವವರೆಗೂ ಅವನು ಎತ್ತಲೇಬೇಕು. ಹದಿನೇಳಾದರೆ ಸಾಮಾನ್ಯವಾಗಿ ನಿಲ್ಲಬೇಕು. ಅವನಿಗೆ ಸ್ವಂತ ಇಚ್ಛೆಯೆಂಬುದಿಲ್ಲ.

ಈ ಆಟವನ್ನು ಗಣಿತದ ಒರೆಗಲ್ಲಿಗೆ ಹಚ್ಚಿದವರು ಸಾಮಾನ್ಯರಲ್ಲ. ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಅಮೆರಿಕದ ಸೈನ್ಯದಲ್ಲಿದ್ದಾಗ, ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಿಂದಲೇ ಯಾವ ಕೈಗೆ ಎತ್ತಬೇಕು, ಯಾವುದಕ್ಕೆ ನಿಲ್ಲಬೇಕೆಂಬುದನ್ನು ಕಂಡುಹಿಡಿದು ೧೯೫೬ರಲ್ಲಿ ಪ್ರಕಟಿಸಿದರು. ಅನಂತರ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞನು ಕಂಪ್ಯೂಟರಿನ ನೆರವಿನಿಂದ ಇನ್ನೊಂದು ಹೆಜ್ಜೆ ಮುಂದೆ ಹೋದನು. ದಾಳಕ್ಕೆ ನೆನಪಿಲ್ಲ, ಇಸ್ಪೀಟಿನ ಕಟ್ಟಿಗೆ ನೆನಪುಂಟು. ಹೊರಬಿದ್ದ ಎಲೆ ಮತ್ತೆ ಕಲಸುವವರೆಗೆ ಒಳಗೆ ಹೋಗದು. ಆದುದರಿಂದ ಕಂಡ ಎಲೆಗಳ ಲೆಕ್ಕವಿಟ್ಟರೆ ಕಾಣದ ಎಲೆಗಳ ಗುಣವನ್ನು ಊಹಿಸಬಹುದು. ಇದು ಥಾರ್ಪನ ತತ್ತ್ವ. ೧೯೬೨ರಲ್ಲಿ ಅವನು ಪ್ರಕಟಿಸಿದ ‘ಬೀಟ್ ದಿ ಡೀಲರ್’ ಎಂಬ ಗ್ರಂಥವು ಜೂಜುಮನೆಗಳಲ್ಲಿ ಗಾಬರಿಯನ್ನು ಹುಟ್ಟಿಸಿತು. ೧೯೬೩ರಲ್ಲಿ ಹಾರ್ವಿ ಡಬ್ನರ್ ಎಂಬಾತನು ಇನ್ನೂ ಸುಲಭವಾದ ಕ್ರಮವೊಂದನ್ನು ಹೇಳಿದನು. ಎರಡರಿಂದ ಆರರವರೆಗಿನ ಸಣ್ಣ ಎಲೆ ಹೊರಬಿದ್ದರೆ ಒಂದನ್ನು ಕೂಡಿಸು. ಹತ್ತರ ಬೆಲೆಯದು ಅಥವಾ ಎಕ್ಕ ಬಿದ್ದರೆ ಒಂದನ್ನು ಕಳೆ. ಏಳು, ಎಂಟು, ಒಂಬತ್ತನ್ನು ಬಿಟ್ಟುಬಿಡು. ಲೆಕ್ಕವು ಏರಿದರೆ ದೊಡ್ಡ ಎಲೆಗಳು ಒಳಗೆ ಹೆಚ್ಚಾಗಿ ಉಳಿದಿವೆಯೆಂದು ಅರ್ಥ. ಆಗ ಆಟಗಾರನಿಗೆ ಅನುಕೂಲ, ಪಣವನ್ನು ಹೆಚ್ಚಿಸಬಹುದು. ವಿದ್ಯೆಯ ಸಾರ ಇಷ್ಟೇ.

ಇಷ್ಟರವರೆಗೆ ಶಾಸ್ತ್ರ, ಇನ್ನು ಮುಂದೆ ಶಾಸ್ತ್ರಾಭಾಸ. ಪೀಠವಾದಿಗಳ ಪೂರ್ವಪಕ್ಷವನ್ನು ಅವರಿಗೆ ಅನ್ಯಾಯವಾಗದಂತೆ ಮೂರು ಮಾತುಗಳಲ್ಲಿ ಹೇಳಬಹುದು. ಒಂದನೆಯದು, ಕಡೆಯ ಪೀಠದವನು ಅವಿವೇಕದಿಂದ ಎಲೆ ಎತ್ತಿದರೆ ಹಂಚುವವನನ್ನು ಸೋಲಿಸಬೇಕಾಗಿದ್ದ ಎಲೆ ಅವನ ಪಾಲಾಗಿ ಇಡೀ ಮೇಜು ಹಾಳಾಗುತ್ತದೆ. ಎರಡನೆಯದು, ಲೆಕ್ಕವು ಏರಿದಾಗ ಮೊದಲು ಕುಳಿತವರು ದೊಡ್ಡ ಎಲೆಗಳನ್ನು ಬಾಚಿಕೊಳ್ಳುತ್ತಾರೆ. ಕಡೆಯವನಿಗೆ ಉಳಿಯುವುದು ಸಿಪ್ಪೆ. ಮೂರನೆಯದು, ಲೆಕ್ಕವಿಡುವವನಿಗೆ ಕಡೆಯ ಪೀಠವೇ ಸಿಂಹಾಸನ. ಅಲ್ಲಿ ಕುಳಿತರೆ ಗೆಲವು ಬಹುಮಟ್ಟಿಗೆ ಹೆಚ್ಚುತ್ತದೆ. ಎರಡನೆಯ ಮಾತೂ ಮೂರನೆಯ ಮಾತೂ ಒಂದನ್ನೊಂದು ಕಡಿಯುತ್ತವೆಯೆಂಬುದನ್ನು ವಾಚಕರು ಆಗಲೇ ಗಮನಿಸಿರಬಹುದು. ಸಿಪ್ಪೆ ಬೀಳುವ ಜಾಗವೇ ಸಿಂಹಾಸನವಾಗುವುದು ಹೇಗೆ? ಆದರೂ ಒಂದೇ ಬಾಯಿ ಎರಡನ್ನೂ ಆಡುವುದುಂಟು.

ಎರಡನೆಯ ಮಾತನ್ನೇ ಮೊದಲು ಪರೀಕ್ಷಿಸೋಣ; ಮಿಕ್ಕವುಗಳ ಬೇರು ಅದರಲ್ಲಿಯೇ ಇದೆ. ಹತ್ತು ಚೀಟಿಗಳನ್ನು ಮಡಚಿ ಒಂದು ಗಡಿಗೆಯಲ್ಲಿ ಹಾಕಿ ಕುಲುಕಿದ್ದೇವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಗುರುತು. ಹತ್ತು ಮಂದಿ ಸಾಲಾಗಿ ಬಂದು ಒಂದೊಂದನ್ನು ಎತ್ತುತ್ತಾರೆ. ಮೊದಲು ಎತ್ತಿದವನಿಗೆ ಅದೃಷ್ಟ ಹೆಚ್ಚೋ, ಕಡೆಯವನಿಗೆ ಹೆಚ್ಚೋ? ಯಾರಿಗೂ ಹೆಚ್ಚಿಲ್ಲ. ಎಲ್ಲರೂ ಎತ್ತಿಕೊಂಡು, ಆಮೇಲೆ ಒಟ್ಟಿಗೆ ಬಿಚ್ಚಿದರೆ ಇದು ಮಕ್ಕಳಿಗೂ ಸ್ಪಷ್ಟವಾಗುತ್ತದೆ. ಹತ್ತು ಕೈಗಳಲ್ಲಿ ಹತ್ತು ಚೀಟಿ, ಪ್ರತಿಯೊಂದು ಕೈಗೂ ಹತ್ತರಲ್ಲಿ ಒಂದು ಸಂಭವ. ಇಸ್ಪೀಟಿನಲ್ಲಿಯೂ ಹಾಗೆಯೇ. ೫೨ ಎಲೆಗಳ ಕಟ್ಟಿನಲ್ಲಿ ೪ ಎಕ್ಕಗಳು. ಮೊದಲನೆಯ ಎಲೆ ಎಕ್ಕವಾಗುವ ಸಂಭವ ೫೨ರಲ್ಲಿ ೪, ಎಂದರೆ ೧೩ರಲ್ಲಿ ೧. ಎರಡನೆಯದರ ಸಂಭವವೇನು? ಮೊದಲ ಎರಡು ಎಲೆಗಳು ಬೀಳಬಹುದಾದ ಕ್ರಮಗಳು ಒಟ್ಟು ೫೨ ಮತ್ತು ೫೧ರ ಗುಣಲಬ್ಧ, ಅಂದರೆ ೨,೬೫೨. ಮೊದಲನೆಯದು ಎಕ್ಕವಾಗಿ ಎರಡನೆಯದೂ ಎಕ್ಕವಾಗುವ ಕ್ರಮಗಳು ೧೨. ಮೊದಲನೆಯದು ಬೇರೆಯಾಗಿ ಎರಡನೆಯದು ಎಕ್ಕವಾಗುವವು ೧೯೨. ಕೂಡಿದರೆ ೨೦೪. ೨,೬೫೨ರಲ್ಲಿ ೨೦೪ ಎಂದರೆ ಮತ್ತೆ ಅದೇ ೧೩ರಲ್ಲಿ ೧. ಮೂರನೆಯ ಎಲೆಗೂ, ಮೂವತ್ತನೆಯದಕ್ಕೂ, ಅಡಿಯಲ್ಲಿರುವ ಐವತ್ತೆರಡನೆಯದಕ್ಕೂ ಇದೇ ಉತ್ತರ. ಎಕ್ಕವೂ ಹತ್ತರ ಬೆಲೆಯ ಎಲೆಯೂ ಒಂದೇ ಕೈಗೆ ಮೊದಲಿಗೇ ಬಂದು ಇಪ್ಪತ್ತೊಂದಾಗುವ ಸಂಭವವು ಒಂದು ಕಟ್ಟಿನಲ್ಲಿ ಸುಮಾರು ೨೧ರಲ್ಲಿ ೧. ಅದೂ ಮೊದಲನೆಯ ಪೀಠಕ್ಕೆ ಎಷ್ಟೋ ಏಳನೆಯದಕ್ಕೂ ಅಷ್ಟೆ.

“ಇದು ಹೊಸ ಕಟ್ಟಿನ ಮಾತಾಯಿತು, ಲೆಕ್ಕವು ಏರಿದ ಕಟ್ಟಿನಲ್ಲಿ ಹಾಗಲ್ಲ” ಎಂದು ಪೀಠವಾದಿಯು ಹೇಳುತ್ತಾನೆ. ಅಲ್ಲಿಯೂ ಹಾಗೆಯೇ. ಹತ್ತು ಎಲೆಗಳು ಉಳಿದಿವೆ. ಅವುಗಳಲ್ಲಿ ೬ ದೊಡ್ಡವು, ೪ ಸಣ್ಣವು ಎಂದಿಟ್ಟುಕೊಳ್ಳೋಣ. ಮೊದಲು ಎತ್ತುವವನಿಗೆ ದೊಡ್ಡ ಎಲೆ ಬರುವ ಸಂಭವ ೧೦ರಲ್ಲಿ ೬. ಎರಡನೆಯವನದನ್ನು ಎಣಿಸುವಾಗ ಎರಡು ಎಲೆಗಳ ೯೦ ಕ್ರಮಗಳನ್ನು ತೆಗೆದುಕೊಳ್ಳಬೇಕು. ಎರಡೂ ದೊಡ್ಡವಾಗಿರುವವು ೩೦, ಮೊದಲು ಸಣ್ಣದು, ಬಳಿಕ ದೊಡ್ಡದು ಬರುವವು ೨೪, ಕೂಡಿ ೫೪. ೯೦ರಲ್ಲಿ ೫೪ ಎಂದರೆ ೧೦ರಲ್ಲಿ ೬. ಮೊದಲಿನವನು ದೊಡ್ಡದನ್ನು ಎತ್ತಿಕೊಂಡರೆ ಉಳಿದುದರಲ್ಲಿ ದೊಡ್ಡವುಗಳ ಪ್ರಮಾಣ ಸ್ವಲ್ಪ ಇಳಿಯುತ್ತದೆ. ಸಣ್ಣದನ್ನು ಎತ್ತಿಕೊಂಡರೆ ಸ್ವಲ್ಪ ಏರುತ್ತದೆ. ಎರಡನ್ನೂ ತೂಗಿ ನೋಡಿದರೆ ತಕ್ಕಡಿಯು ಇದ್ದಲ್ಲಿಯೇ ಇರುತ್ತದೆ. ಬಾಚಿಕೊಳ್ಳುವುದೆಂಬುದು ಕಾಣುವ ರಾಶಿಯಿಂದ ಆರಿಸಿಕೊಳ್ಳುವವನಿಗೆ ಸಾಧ್ಯ. ಮುಖ ಮುಚ್ಚಿದ ಎಲೆಯಲ್ಲಿ ಆರಿಸುವವರು ಯಾರು?

ಈಗ ಒಂದನೆಯ ಮಾತಿಗೆ ಬರೋಣ. ಇದಕ್ಕೆ ಅನುಯಾಯಿಗಳು ಹೆಚ್ಚು. ಇದರಿಂದ ಜಗಳಗಳೂ ಹೆಚ್ಚು. ಹಂಚುವವನ ಮುಂದೆ ಕಾಣುವ ಎಲೆ ಆರು, ಅದರ ಪಕ್ಕದಲ್ಲಿ ಮುಚ್ಚಿದ್ದು ಹತ್ತು, ಒಟ್ಟು ಹದಿನಾರು. ನಿಯಮದಂತೆ ಅವನು ಇನ್ನೊಂದು ಎತ್ತಲೇಬೇಕು. ಆರು ಅಥವಾ ಅದಕ್ಕೆ ಮೇಲಿನದು ಬಂದರೆ ಅವನು ಮೀರುತ್ತಾನೆ, ಮೇಜಿನಲ್ಲಿ ಉಳಿದವರೆಲ್ಲರೂ ಗೆಲ್ಲುತ್ತಾರೆ. ಎಕ್ಕದಿಂದ ಐದರವರೆಗೆ ಯಾವುದು ಬಂದರೂ ಅವನು ಉಳಿದುಕೊಳ್ಳುತ್ತಾನೆ. ಕಡೆಯ ಪೀಠದಲ್ಲಿ ಕುಳಿತ ಹೊಸಬನ ಕೈಯಲ್ಲಿ ಹನ್ನೆರಡು ಇದೆ. ಬಲ್ಲವರು ಇಂತಹಲ್ಲಿ ನಿಲ್ಲುತ್ತಾರೆ. ಅವನು ನಿಲ್ಲದೆ ಎತ್ತುತ್ತಾನೆ. ಹತ್ತು ಬರುತ್ತದೆ, ಅವನು ಮೀರಿ ಸೋಲುತ್ತಾನೆ. ಬಳಿಕ ಹಂಚುವವನು ಎತ್ತಿದಾಗ ಐದು ಬಂದು ಇಪ್ಪತ್ತೊಂದಾಗುತ್ತದೆ. ಮೇಜಿನವರೆಲ್ಲರೂ ಹೊಸಬನ ಮೇಲೆ ಕೆರಳುತ್ತಾರೆ. “ಅವನು ಸುಮ್ಮನಿದ್ದಿದ್ದರೆ ಆ ಹತ್ತು ಹಂಚುವವನಿಗೆ ಹೋಗುತ್ತಿತ್ತು” ಎನ್ನುತ್ತಾರೆ.

ಆ ಒಂದು ಸಲದ ಮಟ್ಟಿಗೆ ಅವರ ಮಾತು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಲದಿಂದ ನಿಯಮವಾಗದು. ಹಿಂದಿನ ಹತ್ತೆಲೆಗಳ ಲೆಕ್ಕವನ್ನೇ ಇಲ್ಲಿಗೆ ತರೋಣ. ಹಂಚುವವನನ್ನು ಮೀರಿಸುವ ಎಲೆಗಳು ೬, ಉಳಿಸುವ ಎಲೆಗಳು ೪. ಹೊಸಬನು ಒಂದು ಎಲೆ ಎತ್ತುತ್ತಾನೆ. ಎರಡೆಲೆಗಳ ೯೦ ಕ್ರಮಗಳಲ್ಲಿ ಮೊದಲು ದೊಡ್ಡದು, ಬಳಿಕ ಸಣ್ಣದು ಇರುವವು ಆರುನಾಲ್ಕಲ ೨೪. ಇವುಗಳಲ್ಲಿ ಅವನು ಮೇಜಿಗೆ ಕೇಡು ಮಾಡಿದನು. ಮೊದಲು ಸಣ್ಣದು, ಬಳಿಕ ದೊಡ್ಡದು ಇರುವವು ನಾಲ್ಕಾರಲ ೨೪. ಇವುಗಳಲ್ಲಿ ಅವನು ಎತ್ತದಿದ್ದರೆ ಹಂಚುವವನು ಉಳಿಯುತ್ತಿದ್ದನು; ಎತ್ತಿದುದರಿಂದ ಎಲ್ಲರೂ ಗೆದ್ದರು. ಮಿಕ್ಕ ೪೨ರಲ್ಲಿ ಎರಡೆಲೆಗಳೂ ಒಂದೇ ಜಾತಿಯವು. ಅವನು ಎತ್ತಿದರೂ ಬಿಟ್ಟರೂ ಫಲ ಒಂದೇ. ಕೇಡು ೨೪, ಉಪಕಾರ ೨೪. ಸಂಖ್ಯೆಗಳನ್ನು ಬೇಕಾದಂತೆ ಬದಲಾಯಿಸಿ ನೋಡಿರಿ. ದೊಡ್ಡವು ಏಳು ಸಣ್ಣವು ಮೂರಾದರೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಎಂಟು ಎರಡಾದರೆ ಹದಿನಾರಕ್ಕೆ ಹದಿನಾರು. ಏಳು ಮೂರಲ ಎಂದರೂ ಮೂರೇಳಲ ಎಂದರೂ ಲಬ್ಧ ಒಂದೇ ಎಂಬ ಮಗ್ಗಿಯ ಪಾಠವೇ ಇಲ್ಲಿಯ ಸಿದ್ಧಾಂತ. ಲೆಕ್ಕವು ಏರಿರಲಿ ಇಳಿದಿರಲಿ, ಕೇಡೂ ಉಪಕಾರವೂ ಸಮವಾಗಿಯೇ ನಿಲ್ಲುತ್ತವೆ. ಹನ್ನೆರಡರ ಮೇಲೆ ಎತ್ತಿದ ಹೊಸಬನು ತನ್ನ ಹಣಕ್ಕೆ ತಾನೇ ಕೇಡು ಮಾಡಿಕೊಂಡನು. ಅಕ್ಕಪಕ್ಕದವರ ಹಣಕ್ಕೆ ಮಾಡಲಿಲ್ಲ.

ಹಾಗಾದರೆ ಇಷ್ಟು ಮಂದಿಯ ಅನುಭವವು ಸುಳ್ಳೇ? ಅನುಭವವು ಸುಳ್ಳಲ್ಲ, ಅದರ ಲೆಕ್ಕಪತ್ರ ಸುಳ್ಳು. ಹೊಸಬನು ಕೆಡಿಸಿದ ಇಪ್ಪತ್ತನಾಲ್ಕನ್ನು ಮೇಜು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಉಳಿಸಿಕೊಟ್ಟ ಇಪ್ಪತ್ತನಾಲ್ಕಕ್ಕೆ ಒಬ್ಬನೂ ಎದ್ದು ಕೈಮುಗಿಯುವುದಿಲ್ಲ. ಗೆದ್ದಾಗ “ನನ್ನ ಲೆಕ್ಕ ಸರಿಯಾಗಿತ್ತು” ಎನ್ನುತ್ತಾರೆ. ಸೋತಾಗ “ಅವನು ಎತ್ತಿದನು” ಎನ್ನುತ್ತಾರೆ. ಖರ್ಚಿನ ಬಾಬನ್ನು ಮಾತ್ರ ಬರೆದು ಜಮೆಯನ್ನು ಬಿಟ್ಟ ಖಾತೆಯಲ್ಲಿ ಯಾವ ಅಂಗಡಿಯೂ ದಿವಾಳಿಯೇ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯನ್ನು ದೂರುವುದನ್ನು ನಮ್ಮವರು ಕಾಕತಾಳೀಯವೆಂದು ಹೆಸರಿಟ್ಟು ಬಿಟ್ಟಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯೂ ನಮ್ಮದೇ.

ಇವರ ನಂಬಿಕೆಯಲ್ಲಿ ಇವರಿಗೇ ನಂಬಿಕೆಯಿಲ್ಲವೆಂಬುದಕ್ಕೆ ಒಂದು ಸಾಕ್ಷಿ ಹೇಳುತ್ತೇನೆ. ಕಲಸಿದ ಕಟ್ಟಿನ ಮೊದಲನೆಯ ಎಲೆಯನ್ನು ಆಟಕ್ಕೆ ತಾರದೆ ಬದಿಗಿಡುವುದು ಜೂಜುಮನೆಗಳಲ್ಲಿ ರೂಢಿ. ಆ ಒಂದು ಎಲೆ ಬದಿಗೆ ಸರಿದುದರಿಂದ ಮುಂದಿನ ಪ್ರತಿಯೊಂದು ಎಲೆಯೂ ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಹೋಗುತ್ತದೆ. ಕಡೆಯ ಪೀಠದವನು ಎತ್ತಿದ ಒಂದು ಎಲೆ ಮಾಡುವುದೂ ಇಷ್ಟನ್ನೇ. ಆದರೆ ಆ ಬದಿಗಿಟ್ಟ ಎಲೆಯನ್ನು ಯಾರೂ ಬೈಯುವುದಿಲ್ಲ. ಏಕೆಂದರೆ ಅದಕ್ಕೆ ಮುಖವಿಲ್ಲ, ಹೊಸಬನಿಗೆ ಮುಖವುಂಟು. ಕಾರಣವು ಬೇಕಾದವರಿಗೆ ಲೆಕ್ಕ ಸಾಕು. ಅಪರಾಧಿಯು ಬೇಕಾದವರಿಗೆ ಮನುಷ್ಯನೇ ಬೇಕು.

ಇನ್ನು ಮೂರನೆಯ ಮಾತು. ಇದರಲ್ಲಿ ಹೊಟ್ಟಿನೊಳಗೆ ಒಂದು ಕಾಳು ಇದೆ. ಅದನ್ನು ಗೌರವದಿಂದ ಆರಿಸಿಕೊಡಬೇಕು. ಕಡೆಯ ಪೀಠದವನಿಗೆ ಬರುವ ಎಲೆ ಉತ್ತಮವಲ್ಲ. ಆದರೆ ತನ್ನ ನಿರ್ಧಾರಕ್ಕೆ ಮುಂಚೆ ಅವನು ಕಾಣುವ ಎಲೆಗಳು ಹೆಚ್ಚು. ಅವನ ಮುಂದಿನವರು ಎತ್ತಿದ ಎಲೆಗಳೆಲ್ಲ ಅವನ ಲೆಕ್ಕಕ್ಕೆ ಸೇರುತ್ತವೆ. ಉದಾಹರಣೆಗೆ ಕೈಯಲ್ಲಿ ಹದಿನಾರು, ಎದುರಿಗೆ ಹತ್ತು. ಎತ್ತುವುದೋ ನಿಲ್ಲುವುದೋ ಎಂಬುದು ಕೂದಲೆಳೆಯ ಪ್ರಶ್ನೆ. ಆಗ ಕಂಡ ಎರಡು ಮೂರು ಎಲೆಗಳು ನಿರ್ಧಾರವನ್ನು ಆ ಕಡೆಗೋ ಈ ಕಡೆಗೋ ಒಯ್ಯಬಹುದು. ಇದು ನಿಜವಾದ ಲಾಭ. ಆದರೆ ಎಷ್ಟು ಲಾಭ? ಲೆಕ್ಕವಿಡುವವನ ಸಂಪಾದನೆಯ ಬಹುಭಾಗವು ಪಣವನ್ನು ಹೆಚ್ಚು ಕಡಮೆ ಮಾಡುವುದರಿಂದ ಬರುತ್ತದೆ. ಪಣವನ್ನು ಇಡುವುದು ಆ ಸುತ್ತಿನ ಒಂದು ಎಲೆಯೂ ಬೀಳುವುದಕ್ಕೆ ಮೊದಲು. ಆಗ ಏಳು ಪೀಠಗಳಿಗೂ ಇರುವ ತಿಳಿವು ಒಂದೇ. ಹಂಚುವವನ ಮುಂದೆ ಎಕ್ಕ ಕಂಡಾಗ ಅವನ ಮುಚ್ಚಿದ ಎಲೆ ಹತ್ತರದೆಂದು ಕಟ್ಟುವ ‘ವಿಮೆ’ ಎಂಬ ಉಪಪಣವೊಂದುಂಟು. ಲೆಕ್ಕದ ಬೆಳಕಿನಲ್ಲಿ ಮಾಡುವ ನಿರ್ಧಾರಗಳಲ್ಲಿ ಅದು ಬಹಳ ಬೆಲೆಯುಳ್ಳದ್ದು. ಅದನ್ನು ಕೂಡ ಯಾರೂ ಹೆಚ್ಚಿನ ಎಲೆ ಎತ್ತುವುದಕ್ಕೆ ಮೊದಲೇ, ಎಲ್ಲರೂ ಒಂದೇ ಹೊತ್ತಿನಲ್ಲಿ ಕಟ್ಟಬೇಕು. ಎಲೆಗಳನ್ನು ಮುಖ ಮೇಲಾಗಿ ಹಂಚುವ ಮೇಜಿನಲ್ಲಿ ಅಲ್ಲಿಯೂ ಕಡೆಯವನಿಗೆ ಹೆಚ್ಚಿನದೇನೂ ತಿಳಿದಿರುವುದಿಲ್ಲ. ಮೇಲಾಗಿ ಆರು ಕಟ್ಟುಗಳನ್ನು ಕೂಡಿಸಿ ೩೧೨ ಎಲೆಗಳಿಂದ ಆಡುವಲ್ಲಿ ಹೆಚ್ಚಾಗಿ ಕಂಡ ನಾಲ್ಕಾರು ಎಲೆಗಳು ಸಮುದ್ರಕ್ಕೆ ಚೊಂಬು ನೀರು. ಒಂದೇ ಕಟ್ಟಿನ ಆಟದಲ್ಲಿ ಅವಕ್ಕೆ ತೂಕ ಹೆಚ್ಚು. ಆದರೆ ಅಲ್ಲಿ ಅನೇಕ ಕಡೆ ಆಟಗಾರರ ಎಲೆಗಳನ್ನು ಮುಖ ಕೆಳಗಾಗಿ ಹಂಚುತ್ತಾರೆ. ಕಡೆಯವನಿಗೆ ಕಾಣುವುದೇ ಕಡಮೆ. ಸಿಂಹಾಸನವೆಂದುದು ಹೀಗೆ ಒಂದು ಮಣೆಯಷ್ಟಕ್ಕೆ ಇಳಿಯುತ್ತದೆ. ಅದೂ ಲೆಕ್ಕವಿಡುವವನಿಗೆ ಮಾತ್ರ. ಲೆಕ್ಕವಿಡದವನಿಗೆ ಕಡೆಯ ಪೀಠವೂ ಮೊದಲ ಪೀಠವೂ ಒಂದೇ ಮರದ ಕುರ್ಚಿ.

ಈ ನಂಬಿಕೆಗಳು ಹುಟ್ಟಿದುದು ಎಲ್ಲಿಂದ? ಪಂಕ್ತಿಯ ಊಟದ ಅನುಭವದಿಂದ ಎಂದು ನನಗೆ ತೋರುತ್ತದೆ. ಸಾಲಿನ ಕಡೆಯಲ್ಲಿ ಕುಳಿತವನು ಪಾಯಸದ ಪಾತ್ರೆ ತನ್ನೆಡೆಗೆ ಬರುವಷ್ಟರಲ್ಲಿ ಬರಿದಾದೀತೆಂದು ಹೆದರುತ್ತಾನೆ. ಅಥವಾ ದ್ರಾಕ್ಷಿ ಗೋಡಂಬಿಗಳು ತಳದಲ್ಲಿ ಕುಳಿತಿರುವುವೆಂದು ಹಿಗ್ಗುತ್ತಾನೆ. ಎರಡೂ ಸಕಾರಣವಾದ ಭಾವನೆಗಳೇ. ಏಕೆಂದರೆ ಬಡಿಸುವವನು ಪಾಯಸವನ್ನು ಚೆನ್ನಾಗಿ ಕದಡಿರುವುದಿಲ್ಲ. ಕದಡದಲ್ಲಿ ಸ್ಥಾನಕ್ಕೆ ಬೆಲೆಯುಂಟು; ಕದಡಿದಲ್ಲಿ ಇಲ್ಲ. ನನ್ನ ವಾದಕ್ಕೆ ಇರುವ ನಿಜವಾದ ಅಪವಾದ ಇದೊಂದೇ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ೧೯೬೯ರ ಡಿಸೆಂಬರ್ ೧ರಂದು ತರುಣರನ್ನು ಸೈನ್ಯಕ್ಕೆ ಕರೆಯುವ ಸರದಿಯನ್ನು ಗೊತ್ತುಮಾಡಲು ವರ್ಷದ ೩೬೬ ಜನ್ಮದಿನಗಳನ್ನು ಗುಳಿಗೆಗಳಲ್ಲಿ ಇಟ್ಟು ಎತ್ತಿದರು. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಹಾಕಿ ಸಾಕಷ್ಟು ಕಲಸದೆ ಹೋದುದರಿಂದ ವರ್ಷದ ಕಡೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಮುಂದಿನ ಸರದಿಗಳು ಹೆಚ್ಚಾಗಿ ಬಿದ್ದವು. ವಿಯೆಟ್ನಾಮಿನ ಯುದ್ಧಕ್ಕೆ ಹೋಗುವ ಸರದಿಯು ಕೈಗಳ ಸೋಮಾರಿತನದಿಂದ ಓರೆಯಾಯಿತು. ೫೨ ಎಲೆಗಳ ಕಟ್ಟನ್ನು ಎರಡು ಭಾಗ ಮಾಡಿ ಹೆಣೆದು ಕಲಸುವ ಕ್ರಮದಲ್ಲಿ ಸುಮಾರು ಏಳು ಸಲ ಕಲಸಿದರೆ ತಕ್ಕಷ್ಟು ಬೆರೆಯುವುದೆಂದು ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು ೧೯೯೨ರಲ್ಲಿ ತೋರಿಸಿದರು. ಅದಕ್ಕೆ ಕಡಮೆ ಕಲಸಿದ ಕಟ್ಟಿನಲ್ಲಿ ಎಕ್ಕಗಳ ಜಾಡನ್ನು ಹಿಡಿಯಬಲ್ಲ ಚತುರನಿಗೆ ಯಾವ ಪೀಠದಲ್ಲಿ ಕುಳಿತರೆ ಅದು ತನಗೆ ಬರುವುದೆಂಬ ತಿಳಿವು ಇರಬಹುದು. ಆದರೆ ಅಲ್ಲಿಯೂ ಫಲ ಕೊಟ್ಟದ್ದು ಪೀಠವಲ್ಲ, ತಿಳಿವು. ಆ ಜಾಡನ್ನು ಅರಿಯದವನು ಅದೇ ಪೀಠದಲ್ಲಿ ಕುಳಿತರೆ ಅವನಿಗೆ ಏನೂ ದೊರೆಯದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ ಎಂದು ಕೇಳಬಹುದು. ವಿಷಯವು ಸಣ್ಣದಲ್ಲ. ಮೊದಲು ಹಣದ ಮಾತನ್ನೇ ನೋಡೋಣ. ಎರಡೆಲೆಗಳಲ್ಲಿಯೇ ಇಪ್ಪತ್ತೊಂದಾದರೆ ಎರಡಕ್ಕೆ ಮೂರರಂತೆ, ಅಂದರೆ ಹತ್ತು ಡಾಲರಿಗೆ ಹದಿನೈದರಂತೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಈಗ ಅನೇಕ ಮೇಜುಗಳಲ್ಲಿ ಐದಕ್ಕೆ ಆರರಂತೆ, ಹತ್ತಕ್ಕೆ ಹನ್ನೆರಡನ್ನು ಮಾತ್ರ ಕೊಡುತ್ತಾರೆ. ಇಂತಹ ಕೈ ಸುಮಾರು ಇಪ್ಪತ್ತೊಂದು ಸಲಕ್ಕೆ ಒಮ್ಮೆ ಬರುವುದರಿಂದ ಆಟಗಾರನಿಗೆ ನೂರು ಡಾಲರಿಗೆ ಸುಮಾರು ೧.೪ ಡಾಲರಿನಂತೆ ನಷ್ಟ. ಒಳ್ಳೆಯ ನಿಯಮಗಳ ಮೇಜಿನಲ್ಲಿ ಸರಿಯಾಗಿ ಆಡುವವನ ಮೇಲೆ ಜೂಜುಮನೆಗೆ ಇರುವ ಮೇಲುಗೈ ನೂರಕ್ಕೆ ಸುಮಾರು ಅರ್ಧ ಮಾತ್ರ; ಈ ಒಂದು ಬದಲಾವಣೆಯಿಂದ ಅದು ಮೂರು ಪಟ್ಟಿಗೂ ಮೀರಿ ಬೆಳೆಯುತ್ತದೆ. ಈ ದರವು ಮೇಜಿನ ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಚ್ಚಾಗಿರುತ್ತದೆ. ಅದನ್ನು ಓದದೆ, ಕಡೆಯ ಪೀಠದವನು ಏನೆತ್ತಿದನೆಂದು ಕಣ್ಣಿಟ್ಟು ಕೂರುವವನ ಜೇಬು ಕತ್ತರಿಸಲ್ಪಡುತ್ತಿರುವಾಗ ಅವನು ನೆರೆಯವನ ಕೈಯನ್ನು ಹಿಡಿದುಕೊಂಡಿರುತ್ತಾನೆ. ಈ ನಂಬಿಕೆಗಳಿಂದ ಯಾರಿಗಾದರೂ ಲಾಭವಿದ್ದರೆ ಅದು ಜೂಜುಮನೆಗೆ. ಸೋತವರು ಅದರ ನಿಯಮಗಳನ್ನು ದೂರದೆ ತಮ್ಮತಮ್ಮೊಳಗೆ ಜಗಳವಾಡುತ್ತಿದ್ದರೆ ಅದಕ್ಕೆ ಇನ್ನೇನು ಬೇಕು?

ಹಣಕ್ಕಿಂತಲೂ ದೊಡ್ಡದು ನ್ಯಾಯ. ತಪ್ಪು ಮಾಡದವನನ್ನು ಸಭೆಯ ನಡುವೆ ತಪ್ಪುಗಾರನೆಂದು ಬೈಯುವುದು ಯಾವ ಮೇಜಿನಲ್ಲಿಯೂ ಅನ್ಯಾಯವೇ. ಈ ಬುದ್ಧಿಯು ಜೂಜುಮನೆಯ ಬಾಗಿಲಲ್ಲಿಯೇ ನಿಲ್ಲುವುದೂ ಇಲ್ಲ. ಹೊಸದಾಗಿ ಮನೆಗೆ ಬಂದ ಸೊಸೆಯ ಕಾಲ್ಗುಣದಿಂದ ವ್ಯಾಪಾರ ಕೆಟ್ಟಿತೆನ್ನುವ ಅತ್ತೆಮಾವಂದಿರಿಗೂ, ಕಡೆಯ ಪೀಠದವನಿಂದ ಮೇಜು ಕೆಟ್ಟಿತೆನ್ನುವ ಪಂಡಿತನಿಗೂ ತರ್ಕ ಒಂದೇ. ಮೊದಲು ಒಬ್ಬರು ಬಂದರು, ಆಮೇಲೆ ಒಂದು ನಷ್ಟವಾಯಿತು. ಆದುದರಿಂದ ಬಂದವರೇ ಕಾರಣ. ಒಬ್ಬರು ಅದಕ್ಕೆ ದೈವದ ಹೆಸರಿಡುತ್ತಾರೆ, ಇನ್ನೊಬ್ಬರು ಗಣಿತದ ಹೆಸರಿಡುತ್ತಾರೆ. ಗಣಿತದ ಹೆಸರಿಟ್ಟವನ ತಪ್ಪೇ ದೊಡ್ಡದು. ಏಕೆಂದರೆ ಎಣಿಸಿ ನೋಡುವ ಸಾಧನವು ಅವನ ಕೈಯಲ್ಲಿಯೇ ಇತ್ತು.

ಆದುದರಿಂದ ಪೀಠವಾದಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಎಲೆಗಳನ್ನು ಲೆಕ್ಕವಿಡುವಿರಾದರೆ ಪೂರ್ಣವಾಗಿ ಇಡಿರಿ. ಕೆಟ್ಟ ಇಪ್ಪತ್ತನಾಲ್ಕರ ಜೊತೆಗೆ ಒಳ್ಳೆಯ ಇಪ್ಪತ್ತನಾಲ್ಕನ್ನೂ ಬರೆಯಿರಿ. ಹತ್ತು ಎಲೆಗಳನ್ನು ಮನೆಯ ಜಗಲಿಯ ಮೇಲೆ ಕಲಸಿ, ನೂರು ಸಲ ಎತ್ತಿ, ಕಾಗದದ ಮೇಲೆ ಗುರುತು ಹಾಕಿಕೊಂಡು ನೋಡಿರಿ. ಒಂದು ಕಾಸನ್ನೂ ಪಣಕ್ಕೆ ಇಡಬೇಕಾಗಿಲ್ಲ. ನಳನು ಋತುಪರ್ಣನ ಮಾತನ್ನು ಕೇಳಿದ ಮಾತ್ರಕ್ಕೆ ನಂಬಲಿಲ್ಲ. ಕೇಳಿದ ಮಾತ್ರಕ್ಕೆ ಜರೆಯಲೂ ಇಲ್ಲ. ರಥದಿಂದ ಇಳಿದು ಎಣಿಸಿದನು. ವಿದ್ಯಾವಂತರೆನ್ನಿಸಿಕೊಳ್ಳುವವರಿಂದ ಲೋಕವು ಬೇಡುವುದು ಅಷ್ಟನ್ನೇ.